‘ಬಹುದು’ ಮತ್ತು ‘ತಕ್ಕದ್ದು’

‘ಮೇ’ ಎಂದರೆ ‘ಬಹುದು’, ‘ಶಲ್’ ಎಂದರೆ ‘ತಕ್ಕದ್ದು’ ಎಂದು ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಹೇಳಿಕೊಟ್ಟಿದ್ದರು. ಇವನ್ನು ಅದಲುಬದಲು ಮಾಡಿ ನಾನು ಅಂಕ ಕಳೆದುಕೊಂಡದ್ದುಂಟು. ಈ ಪುಟ್ಟ ಕ್ರಿಯಾಪದಗಳಿಗಾಗಿ ನಮ್ಮ ಪಾರ್ಲಿಮೆಂಟೇ ಜಗಳವಾಡಿತ್ತೆಂಬುದು ತಿಳಿದದ್ದು ಬಹಳ ತಡವಾಗಿ.

ಕೇಂದ್ರ ಸರ್ಕಾರದ ವ್ಯವಹಾರದಲ್ಲಿ ಇಂಗ್ಲಿಷಿಗೆ ಸಂವಿಧಾನವು ಕೊಟ್ಟಿದ್ದ 15 ವರ್ಷಗಳ ವಾಯಿದೆ 1965ರ ಜನವರಿ 26ಕ್ಕೆ ತೀರುವುದಿತ್ತು. ಹಿಂದಿಯೇತರರು ಬೇಕೆನ್ನುವವರೆಗೂ ಇಂಗ್ಲಿಷ್ ಇರುತ್ತದೆಂದು ನೆಹರೂ 1959ರಲ್ಲಿ ಮಾತು ಕೊಟ್ಟಿದ್ದರು. ಆದರೆ 1963ರ ರಾಜಭಾಷಾ ಕಾಯಿದೆ, ಇಂಗ್ಲಿಷ್ ಮುಂದುವರಿಯಲು ‘ಮೇ’ ಎಂದಷ್ಟೇ ಬರೆಯಿತು. ಹಿಂದಿಯೇತರ ಸದಸ್ಯರು ‘ಶಲ್’ ಬೇಕೆಂದು ಹಟ ಹಿಡಿದರು. ತಮ್ಮ ಮಟ್ಟಿಗೆ ಎರಡೂ ಒಂದೇ ಎಂದರು ನೆಹರೂ. ಒಂದೇ ಆದರೆ ‘ಶಲ್’ ಎಂದೇ ಬರೆಯಬಹುದಲ್ಲ ಎಂದರು ಎದುರಾಳಿಗಳು. ಈ ಪ್ರಶ್ನೆಗೆ ಉತ್ತರವಿರಲಿಲ್ಲವೆಂದೇ ನನ್ನ ಎಣಿಕೆ. ‘ಇರಬಹುದು’ ಎಂಬ ಮಾತಿನ ಬೆನ್ನಿಗೆ ‘ಇಲ್ಲದಿರಲೂಬಹುದು’ ಎಂಬುದು ಅಂಟಿಕೊಂಡೇ ಬರುತ್ತದೆ. ಮಾತು ಕೊಟ್ಟವರು 1964ರಲ್ಲಿ ತೀರಿಕೊಂಡರು. ಕಾಗದದ ಮೇಲೆ ಉಳಿದದ್ದು ‘ಮೇ’.

ಮರುವರ್ಷ ಮದರಾಸು ರಾಜ್ಯ ಹೊತ್ತಿಕೊಂಡಿತು. ಗೋಲಿಬಾರಿಗೆ ಜನ ಬಲಿಯಾದರು. ಕೇಂದ್ರ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ, ಒ. ವಿ. ಅಳಗೇಶನ್ ರಾಜೀನಾಮೆ ಸಲ್ಲಿಸಿದರು. 1967ರ ತಿದ್ದುಪಡಿಯಲ್ಲಿ ಕೊನೆಗೂ ‘ಶಲ್’ ಬಂದಿತು: ಹಿಂದಿಯನ್ನು ರಾಜಭಾಷೆಯಾಗಿ ಒಪ್ಪದ ರಾಜ್ಯಗಳೊಡನೆ (ನಮ್ಮದೂ ಅದರಲ್ಲೊಂದು) ಕೇಂದ್ರದ ಪತ್ರವ್ಯವಹಾರಕ್ಕೆ ಇಂಗ್ಲಿಷನ್ನು ಬಳಸತಕ್ಕದ್ದು. ಅದೇ ಮೂರನೆಯ ಪ್ರಕರಣದ ಮೊದಲ ವಾಕ್ಯದಲ್ಲಿ ಹಳೆಯ ‘ಮೇ’ ಇಂದಿಗೂ ಕುಳಿತಿದೆ.