ಲ್ಯಾಟಿನ್ ಸಂಕ್ಷೇಪಾಕ್ಷರಗಳು ಬೆಳೆದು ಬಂದ ಬಗೆ

ರೋಮನರ ಶಿಲಾಶಾಸನಗಳಲ್ಲಿ ಪೂರ್ಣಪದಗಳೊಡನೆ ಆದ್ಯಕ್ಷರಗಳೂ ಹೇರಳವಾಗಿ ಕಾಣುವುವು. ಕಲ್ಲಿನಲ್ಲಿ ಒಂದೊಂದಕ್ಷರವನ್ನು ಕೊರೆಯುವುದೂ ಶ್ರಮಸಾಧ್ಯವಾಗಿದ್ದಿತಾದುದರಿಂದ, ರೋಮಿನ ಹಿರಿಯರ ಸಭೆ ಹಾಗೂ ಪ್ರಜೆಗಳೆಂಬ ರಾಜ್ಯನಾಮವು ಎಸ್.ಪಿ.ಕ್ಯು.ಆರ್. ಎಂಬ ನಾಲ್ಕಕ್ಷರಗಳಲ್ಲಿ ಅಡಗಿತು. ಗೋರಿಗಳ ನೆತ್ತಿಯ ಮೇಲೆ ಪಿತೃದೇವತೆಗಳಿಗೆ ಸಲ್ಲುವ ಅರ್ಪಣೆಯು ಡಿ.ಎಂ. ಆಯಿತು. ಲೇಖನಿಯ ಲೋಕದಲ್ಲಿ ಈ ಕೆಲಸವನ್ನು ಮಾಡಿದವನು, ಪರಂಪರೆಯು ಹೇಳುವಂತೆ, ವಾಗ್ಮಿ ಸಿಸೆರೋವಿನ ದಾಸನಾಗಿದ್ದು ಕ್ರಿ.ಪೂ. 53ರಲ್ಲಿ ಬಿಡುಗಡೆ ಹೊಂದಿದ ಟೈರೋ. ಅವನ ಹೆಸರಿನ ಶೀಘ್ರಲಿಪಿಯಲ್ಲಿ ‘ಎಟ್’, ಅಂದರೆ ‘ಮತ್ತು’, ಎಂಬುದಕ್ಕಿದ್ದ 7ರಂಥ ಗುರುತನ್ನು ಐರ್ಲೆಂಡಿನ ಫಲಕಗಳಲ್ಲಿ ಇಂದಿಗೂ ಕಾಣಬಹುದು.

ಮಧ್ಯಯುಗದ ಮಠಗಳಲ್ಲಿ ಚರ್ಮದ ಹಾಳೆ ದುರ್ಲಭ, ಬರೆಯಬೇಕಾದ ಗ್ರಂಥ ಅಪಾರ. ಹೀಗಾಗಿ ಲಿಪಿಕಾರರು ಪದದ ಬಾಲವನ್ನು ಕತ್ತರಿಸಿದರು, ನಡುವನ್ನು ನುಂಗಿದರು, ಮೇಲೊಂದು ಗೆರೆಯೆಳೆದು ಲೋಪವನ್ನು ಸೂಚಿಸಿದರು. ಇಟಲಿಯ ಕಾಪೆಲ್ಲಿ 1899ರಲ್ಲಿ ಪ್ರಕಟಿಸಿದ ಸಂಕ್ಷೇಪಕೋಶದಲ್ಲಿ ಇಂಥವು ಸುಮಾರು 14,000 ಇವೆ. ‘ಹೇಗೆಂದರೆ’ ಎಂದು ಸೂಚಿಸುವ ವಿಜ್. ಎಂಬುದರ ಕೊನೆಯ ಜಡ್ ಮೂಲತಃ ಅಕ್ಷರವೇ ಅಲ್ಲ. ವಿಡೆಲಿಸೆಟ್ ಎಂಬ ಪದದ ಕೊನೆಯ ಭಾಗ ಲುಪ್ತವಾಗಿದೆಯೆಂದು ತೋರಲು ಲಿಪಿಕಾರನು ಹಾಕುತ್ತಿದ್ದ, 3ನ್ನು ಹೋಲುವ ಸುರುಳಿ ಅದು. ಮುದ್ರಕನ ಮೊಳೆಗಳಲ್ಲಿ ಅದಕ್ಕೆ ಸಮೀಪವಾದುದು ಜಡ್ ಆಗಿದ್ದಿತು. ಆ ಅಚ್ಚೇ ನಿಂತುಹೋಯಿತು.

ಮುದ್ರಣವೂ ಕಾಗದವೂ ಬಂದ ಮೇಲೆ ಈ ರಾಶಿಯಲ್ಲಿ ಬಹುಪಾಲು ಅಳಿಯಿತು. ಉಳಿದುದು ಒಂದೊಂದು ವೃತ್ತಿಯವರು ತಮ್ಮ ತಮ್ಮೊಳಗೆ ರೂಢಿಯಲ್ಲಿಟ್ಟುಕೊಂಡಷ್ಟೇ. ವರ್ತಕರ ‘ಎಲ್‌ಬಿ’ ತೂಕದ ಪೌಂಡಾದರೂ ಅಕ್ಷರಗಳು ರೋಮನರ ತೂಕವಾದ ಲಿಬ್ರಾದವು. ಆಂಗ್ಲರ ಪೆನ್ನಿಯು 1971ರವರೆಗೂ ರೋಮನ್ ದಿನಾರಿಯಸ್ಸಿನ ‘ಡಿ’ ಅಕ್ಷರವನ್ನೇ ಧರಿಸಿತ್ತು. ಗಡಿಯಾರದ ಎ.ಎಂ., ಪಿ.ಎಂ.ಗಳು ಮಧ್ಯಾಹ್ನದ ಪೂರ್ವೋತ್ತರಗಳನ್ನು ಹೇಳುವುವು. 525ರಲ್ಲಿ ಡಯೊನೀಸಿಯಸ್ ಎಂಬ ಸಂನ್ಯಾಸಿಯು ಈಸ್ಟರ್ ಹಬ್ಬದ ಗಣನೆಗಾಗಿ ಕಲ್ಪಿಸಿದ ಶಕೆಯಿಂದ ಎ.ಡಿ. ಬಂದಿತು, ಅದರ ಜೋಡಿಯಾದ ಬಿ.ಸಿ. ಮಾತ್ರ ಶುದ್ಧ ಇಂಗ್ಲಿಷು. ಈ ಅಸಮವಿವಾಹವನ್ನು ಯಾರೂ ಆಕ್ಷೇಪಿಸಿದಂತಿಲ್ಲ! ಉದಾಹರಣೆಗೆಂಬ ಇ.ಜಿ.ಯನ್ನೂ ಅಂದರೆಯೆಂಬ ಐ.ಇ.ಯನ್ನೂ ವಿದ್ಯಾವಂತರೇ ಅದಲುಬದಲು ಮಾಡುವರು.

ವೈದ್ಯರ ಚೀಟಿಯಲ್ಲಿಯಾದರೋ ಲ್ಯಾಟಿನ್ನು ಅತಿಥಿಯ ಮರ್ಯಾದೆಯನ್ನು ಮೀರಿ ತಂಗಿದೆ. ದಿನಕ್ಕೆ ಎರಡಾವರ್ತಿಯೆಂದು ಬಿ.ಡಿ., ಮೂರಾವರ್ತಿಯೆಂದು ಟಿ.ಡಿ.ಎಸ್., ಮಲಗುವ ವೇಳೆಗೆಂದು ಎಚ್.ಎಸ್.—ನಮ್ಮೂರ ಔಷಧದಂಗಡಿಯ ಹುಡುಗನೂ ಇವನ್ನು ಓದಬಲ್ಲನು, ನುಂಗಬೇಕಾದ ರೋಗಿ ಓದಲಾರನು. ಎಸ್.ಓ.ಎಸ್. ಎಂದು ಕಂಡು ಪ್ರಾಣಾಪಾಯವೆಂದು ನಡುಗಬೇಕಾಗಿಲ್ಲ. ‘ಅಗತ್ಯಬಿದ್ದರೆ’ ಎಂದಷ್ಟೇ ಅದರ ತಾತ್ಪರ್ಯ. ಆದರೆ ದಿನಕ್ಕೊಮ್ಮೆಯೆಂದು ಬರೆವ ಓ.ಡಿ.ಯೇ ನೇತ್ರವೈದ್ಯರ ಕೈಯಲ್ಲಿ ಬಲಗಣ್ಣಾಗುವಾಗ, ಭಯ ನಿಷ್ಕಾರಣವೆನ್ನಲಾಗದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆಯು 2004ರಲ್ಲಿ, ನಿತ್ಯವೆಂಬ ಕ್ಯು.ಡಿ.ಯನ್ನೂ ದಿನ ಬಿಟ್ಟು ದಿನವೆಂಬ ಕ್ಯು.ಓ.ಡಿ.ಯನ್ನೂ, ಒಂದನ್ನು ಮತ್ತೊಂದಾಗಿ ಓದುವರೆಂದು ನಿಷೇಧಿಸಿತು. ರೋಗಿಯ ಭಾಷೆಯಲ್ಲಿಯೇ ಬರೆಯುವುದು ಲೇಸೆಂದು ನನ್ನ ಮತ.

ವಿದ್ವತ್ತಿನ ಅಡಿಟಿಪ್ಪಣಿಗಳಲ್ಲಿಯೂ ಕ್ಷಯವುಂಟು. ಇಬಿಡ್. ಎಂಬುದನ್ನು ಕನ್ನಡ ಸಂಶೋಧಕರು ‘ಅದೇ’ ಎಂದು ಎಂದೋ ಮುಗಿಸಿದರು; ಷಿಕಾಗೊ ಶೈಲಿಕೈಪಿಡಿಯೂ 2017ರ ಆವೃತ್ತಿಯಲ್ಲಿ ಅದನ್ನು ಬಿಡುವುದೇ ಮೇಲೆಂದಿತು. ಎಟ್ ಆಲ್. ಒಂದೇ ಪುಷ್ಟವಾಗುತ್ತಿರುವುದು: ಕಣವಿಜ್ಞಾನದ ಒಂದು ಲೇಖನಕ್ಕೆ ಸಾವಿರಾರು ಕರ್ತೃಗಳಿರುವ ಈ ಕಾಲದಲ್ಲಿ, ಮೊದಲನೆಯವನ ಹೊರತು ಉಳಿದವರೆಲ್ಲರೂ ಆ ಎರಡು ಪದಗಳೊಳಗೆ ವಾಸಿಸುವರು.