ಕೊಲ್ಲಾಪುರದ ವಿದ್ಯಾರ್ಥಿನಿಲಯಗಳು: ಪಂಕ್ತಿಭೇದದಿಂದ ಸಹಪಂಕ್ತಿಗೆ

ವಿದ್ಯಾಲಯದ ಬಾಗಿಲು ಸರ್ವರಿಗೂ ತೆರೆದಿದೆಯೆಂದು ಸಾರಿದ ಮಾತ್ರಕ್ಕೆ ಹಳ್ಳಿಯ ಬಡವನ ಮಗನು ಅದರೊಳಗೆ ಬಂದು ನಿಲ್ಲಲಾರನು. ಮನೆತನದಲ್ಲಿ ಅಕ್ಷರವನ್ನೇ ಕಾಣದ ತಂದೆತಾಯಿಗಳ ಮಗನೊಬ್ಬನು ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದಾಗ, ಪಾಠದ ಕಾಠಿಣ್ಯಕ್ಕಿಂತ ಮುಂಚೆ ಎರಡು ಪ್ರಶ್ನೆಗಳು ಅವನಿಗೆ ಎದುರಾಗುತ್ತವೆ: ಇರುಳು ಎಲ್ಲಿ ಮಲಗುವುದು? ಹೊತ್ತಿನ ಊಟಕ್ಕೆ ಯಾರ ಮನೆಯನ್ನು ಆಶ್ರಯಿಸುವುದು? ಉನ್ನತ ಶಿಕ್ಷಣದ ಇತಿಹಾಸವನ್ನು ಬರೆಯುವವರು ಕಟ್ಟಡಗಳನ್ನೂ ಪದವಿಗಳನ್ನೂ ಎಣಿಸುತ್ತಾರೆ. ಅಡುಗೆಮನೆಗಳನ್ನು ಎಣಿಸುವುದು ವಿರಳ. ಕೊಲ್ಲಾಪುರ ಸಂಸ್ಥಾನದ ಇತಿಹಾಸವಾದರೋ ಅಡುಗೆಮನೆಯಿಂದಲೇ ಆರಂಭಿಸಬೇಕಾದುದು.

ಶಾಹೂ ಮಹಾರಾಜರು 1894ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡಾಗ ಅವರ ರಾಜಧಾನಿಯಲ್ಲಿ ರಾಜಾರಾಮ ಕಾಲೇಜು ಆಗಲೇ ನಡೆದಿತ್ತು. ಆದರೆ ಅದರ ವಿದ್ಯಾರ್ಥಿಗಳಲ್ಲಿ ಒಕ್ಕಲುಮಕ್ಕಳು ಅತಿ ವಿರಳ. ಬ್ರಾಹ್ಮಣ ಬಾಲಕರಿಗೆ ಪರಊರಿನಲ್ಲಿ ವಾರಾನ್ನದ ಆಸರೆಯಿತ್ತು, ನೆಂಟರಿಷ್ಟರ ಮನೆಗಳಿದ್ದವು. ಮರಾಠಾ, ಜೈನ, ಲಿಂಗಾಯತ, ಮುಸಲ್ಮಾನ ಬಾಲಕರಿಗೆ ಅಂಥ ಏರ್ಪಾಡು ಇರಲಿಲ್ಲ. ಅಸ್ಪೃಶ್ಯರೆನಿಸಿದವರಿಗಂತೂ ಊರೊಳಗೆ ನೆರಳೂ ದುರ್ಲಭವಾಗಿತ್ತು. ಮಹಾರಾಜರು ಮೊದಲು ಎಲ್ಲ ಜಾತಿಯವರಿಗೂ ಸೇರಿ ಒಂದೇ ನಿಲಯವನ್ನು ತೆರೆಯಿಸಿ ನೋಡಿದರು. ಅದು ಕೆಲಕಾಲದಲ್ಲಿಯೇ ಮುಂದುವರಿದ ಜಾತಿಯ ವಿದ್ಯಾರ್ಥಿಗಳಿಂದ ತುಂಬಿಹೋಯಿತು. ಹೆಸರಿಗೆ ಎಲ್ಲರದಾದುದು ಬಳಕೆಯಲ್ಲಿ ಕೆಲವರದೇ ಆಯಿತು.

ಈ ಅನುಭವದಿಂದ ಅವರು ಮತ್ತೊಂದು ಮಾರ್ಗವನ್ನು ಹಿಡಿದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ಆರಂಭವಾಯಿತು. ಅದೇ ವರ್ಷ ದಿಗಂಬರ ಜೈನ ಬೋರ್ಡಿಂಗ್, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ವೀರಶೈವ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೆಂದು ಮಿಸ್ ಕ್ಲಾರ್ಕ್ ಬೋರ್ಡಿಂಗ್, ಹೀಗೆ ಒಂದಾದ ಮೇಲೊಂದು ನಿಲಯಗಳು ತಲೆಯೆತ್ತಿದವು. ರಾಯಬಾಗದಂಥ ಕನ್ನಡ ಪ್ರದೇಶವೂ ಆಗ ಕೊಲ್ಲಾಪುರದ ಆಳ್ವಿಕೆಗೆ ಸೇರಿತ್ತಾದುದರಿಂದ ಈ ವ್ಯವಸ್ಥೆ ಕನ್ನಡಿಗರಿಗೆ ಹೊರಗಿನದೇನೂ ಆಗಿರಲಿಲ್ಲ. ಕೊಲ್ಲಾಪುರಕ್ಕೆ ‘ವಸತಿಗೃಹಗಳ ತಾಯಿ’ ಎಂಬ ಪ್ರಶಸ್ತಿ ಬಂದುದು ಈ ಕಾರಣದಿಂದಲೇ.

ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ. ಜಾತಿಗೊಂದು ನಿಲಯವನ್ನು ಕಟ್ಟಿದರೆ ಜಾತಿಯೇ ಗಟ್ಟಿಗೊಳ್ಳುವುದಿಲ್ಲವೇ? ಆಕ್ಷೇಪಣೆ ನಿರಾಧಾರವಾದುದಲ್ಲ. ಆದರೆ ಅಂದಿನ ತಂದೆತಾಯಿಗಳು ಪರಪಂಕ್ತಿಯಲ್ಲಿ ಉಣ್ಣಬೇಕಾದ ಸ್ಥಳಕ್ಕೆ ಮಗನನ್ನು ಕಳುಹಿಸುತ್ತಿರಲಿಲ್ಲ. ಪ್ರತಿಯೊಂದು ಸಮಾಜದ ಅನುಕೂಲಸ್ಥರೂ ತಮ್ಮವರಿಗೆಂದರೆ ಮಾತ್ರ ಕೈಬಿಚ್ಚುತ್ತಿದ್ದರು. ಪ್ರಭುವು ಆ ಸಂಕುಚಿತ ಭಾವನೆಯನ್ನೇ ವಿದ್ಯೆಯ ಕಡೆಗೆ ತಿರುಗಿಸಿದನು. ಪ್ರತ್ಯೇಕತೆ ಅವರ ಗುರಿಯಾಗಿರಲಿಲ್ಲವೆಂಬುದಕ್ಕೆ 1919ರ ಆಜ್ಞೆಯೇ ಸಾಕ್ಷಿ. ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ಎಲ್ಲರೊಡನೆ ಸಾಮಾನ್ಯ ಶಾಲೆಗಳಲ್ಲಿ ಕುಳ್ಳಿರಿಸಬೇಕೆಂದು ಅವರು ಅಂದು ವಿಧಿಸಿದರು.

ಆದರೂ ಪಂಕ್ತಿಭೇದದ ಗೋಡೆ ನಿಲಯಗಳೊಳಗೆ ಉಳಿದೇ ಇತ್ತು. ಅದನ್ನು ಕೆಡಹಿದವರು ಆ ನಿಲಯಗಳಲ್ಲೊಂದರಲ್ಲಿ ಬೆಳೆದ ವಿದ್ಯಾರ್ಥಿಯೇ ಎಂಬುದು ಇತಿಹಾಸದ ಸ್ವಾರಸ್ಯ. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಜನಿಸಿದ ಭಾವುರಾವ್ ಪಾಟೀಲರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದುಕೊಂಡು ಓದುತ್ತಿದ್ದರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದ ಅವರು ಮೈಲಿಗೆಯ ಸ್ನಾನವನ್ನು ಮಾಡಲು ಒಪ್ಪದೆ ನಿಲಯದಿಂದ ಹೊರಬೀಳಬೇಕಾಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಆ ಬಾಲಕನು ಕಲಿತ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇದ್ದುದಲ್ಲ.

1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ತೆರೆದ ನಿಲಯದಲ್ಲಿ ಸರ್ವ ಜಾತಿಮತಗಳ ಬಾಲಕರೂ ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಅಡುಗೆಯನ್ನು ಒಂದೇ ಪಂಕ್ತಿಯಲ್ಲಿ ಉಂಡರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ದಯಮಾಡಿಸಿ ಅದಕ್ಕೆ ಶಾಹೂ ಮಹಾರಾಜರ ಹೆಸರನ್ನಿಟ್ಟರು. ನಿಲಯದಲ್ಲಿ ಕಾಳು ತೀರಿದ ದಿನಗಳಲ್ಲಿ ಭಾವುರಾಯರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೂ, ಕಡೆಗೆ ಮಂಗಲಸೂತ್ರವನ್ನೂ ಮಕ್ಕಳ ಅನ್ನಕ್ಕಾಗಿ ಕೊಟ್ಟರು.

ಅನ್ನ ದೊರೆಯಿತು, ಆದರೆ ಅದು ಭಿಕ್ಷೆಯೆನಿಸಬಾರದಷ್ಟೆ? ಬಾಲಕರು ಹೊಲದಲ್ಲಿ ದುಡಿದರು, ಅಡುಗೆ ಮಾಡಿದರು, ತಾವೇ ಗಳಿಸಿ ತಾವೇ ಕಲಿತರು. 1947ರಲ್ಲಿ ಸಾತಾರೆಯಲ್ಲಿ ಆರಂಭವಾದ ಶಿವಾಜಿ ಕಾಲೇಜಿಗೂ ಇದೇ ತಳಹದಿ. ಶರಣರ ಕಾಯಕ-ದಾಸೋಹ ತತ್ತ್ವಗಳನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವೆನಿಸದು. ಕಾಯಕವಿಲ್ಲದ ದಾಸೋಹವು ಪಡೆಯುವವನನ್ನು ಕುಗ್ಗಿಸುತ್ತದೆ. ದಾಸೋಹವಿಲ್ಲದ ಕಾಯಕವು ಗಳಿಸಿದವನನ್ನು ಒಣಗಿಸುತ್ತದೆ. ಭಾವುರಾಯರು ಈ ತತ್ತ್ವವನ್ನು ವಚನಗಳಿಂದಲೇ ಪಡೆದರೆಂದು ಸಾಧಿಸುವ ಅಗತ್ಯವಿಲ್ಲ. ಒಂದೇ ಸತ್ಯವು ಎರಡು ಕಾಲಗಳಲ್ಲಿ, ಎರಡು ನಾಡುಗಳಲ್ಲಿ ಕಾರ್ಯರೂಪಕ್ಕೆ ಬಂದಿತೆಂದರೆ ಸಾಕು.

1962ರಲ್ಲಿ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಭಾವುರಾಯರ ಆಶ್ರಯದಲ್ಲಿ ಬೆಳೆದ ಪಿ. ಜಿ. ಪಾಟೀಲರು ಬ್ಯಾರಿಸ್ಟರ್ ಪದವಿಯನ್ನು ಪಡೆದು, ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾದರು. ಬೋರ್ಡಿಂಗಿನ ಪಂಕ್ತಿಯಿಂದ ಕುಲಪತಿಯ ಪೀಠದವರೆಗಿನ ಈ ದಾರಿಯನ್ನು ಸವೆಸಿದ ಪ್ರತಿಭೆ ಅವರದು. ಅದು ಹಸಿವಿನಿಂದ ನಡುದಾರಿಯಲ್ಲಿ ಕುಸಿಯದಂತೆ ಕಾಯ್ದುದು ಒಂದು ಒಲೆ.

ಇಂದು ವಿದ್ಯಾರ್ಥಿವೇತನಗಳಿವೆ, ಸರ್ಕಾರದ ವಸತಿಗೃಹಗಳಿವೆ. ಹಾಗಿದ್ದರೂ ಮನೆತನದ ಮೊದಲ ವಿದ್ಯಾರ್ಥಿಯ ಅಳುಕು ಇನ್ನೂ ಅಳಿದಿಲ್ಲ. ತನ್ನ ನುಡಿಗೆ ನಗುವ ಸಹಪಾಠಿ, ಕೇಳಲು ಅಂಜಿಕೆಯಾಗುವ ಅಧ್ಯಾಪಕ, ಊರಿನಿಂದ ಹಣ ಬಾರದ ತಿಂಗಳು, ಇವು ಅವನನ್ನು ಹಿಂದಕ್ಕೆ ಎಳೆಯುತ್ತಲೇ ಇವೆ. ಪ್ರವೇಶಪತ್ರದೊಡನೆ ತಮ್ಮ ಹೊಣೆ ಮುಗಿಯಿತೆಂದು ತಿಳಿಯುವ ವಿದ್ಯಾಸಂಸ್ಥೆಗಳು ಕೊಲ್ಲಾಪುರ-ಸಾತಾರೆಗಳ ಈ ವೃತ್ತಾಂತವನ್ನು ಮನನ ಮಾಡಬೇಕು. ಬಂದವನಿಗೆ ಸ್ಥಳ ಕೊಡುವುದು ಮೊದಲ ಮೆಟ್ಟಿಲು. ಅವನು ತಲೆತಗ್ಗಿಸದೆ ಎಲ್ಲರೊಡನೆ ಕುಳಿತು ಉಣ್ಣುವಂತೆ ಮಾಡುವುದು ಎರಡನೆಯದು. ಮೊದಲನೆಯದನ್ನು ಹಾಕಿಕೊಟ್ಟವರು ಶಾಹೂ ಮಹಾರಾಜರು, ಎರಡನೆಯದನ್ನು ಕಟ್ಟಿದವರು ಕರ್ಮವೀರರು. ಎರಡೂ ಕೂಡಿದಲ್ಲಿ ಮಾತ್ರ ವಿದ್ಯಾದಾನವು ಪೂರ್ಣವಾಗುತ್ತದೆ.