ಪರಸೆಯವರ ಸಂಬಳ

ತಿಂಗಳ ಮೊದಲಲ್ಲಿ ನಾವು ಎಣಿಸಿಕೊಳ್ಳುವ ಸಂಬಳಕ್ಕೂ ಬರಿಗಾಲಿನಲ್ಲಿ ಬೆಟ್ಟಕ್ಕೆ ನಡೆಯುವ ಭಕ್ತನ ಹೆಗಲ ಗಂಟಿಗೂ ನಂಟುಂಟೆಂದರೆ ಕೆಲವರು ನಕ್ಕಾರು. ಆದರೆ ಶಬ್ದದ ಚರಿತ್ರೆ ಹಾಗೆಯೇ ಹೇಳುತ್ತದೆ. ಸಂಸ್ಕೃತದಲ್ಲಿ ‘ಶಂಬಲ’ವೆಂದರೆ ಪಾಥೇಯ, ದಾರಿಯ ಬುತ್ತಿ. ಅದರ ತದ್ಭವವೇ ನಮ್ಮ ‘ಸಂಬಳ’. ದೂರ ಹೊರಟವನಿಗೆ ಕಟ್ಟಿಕೊಡುತ್ತಿದ್ದ ಬುತ್ತಿಯ ಹೆಸರು ಕಾಲಕ್ರಮದಲ್ಲಿ ದುಡಿದವನಿಗೆ ಕೊಡುವ ಹಣಕ್ಕೆ ನಿಂತಿತು. ಹಾಗೆಯೇ ‘ಪರಿಷತ್ತು’ ಎಂಬ ದೊಡ್ಡ ಮಾತು ಹಳ್ಳಿಯವರ ಬಾಯಲ್ಲಿ ಪರಿಷೆಯಾಗಿ, ಪರಸೆಯಾಗಿ, ದೇವರ ಜಾತ್ರೆಗೆ ಕೂಡಿ ಹೋಗುವವರ ಹೆಸರಾಯಿತು. ಪರಸೆಯವರ ಸಂಬಳವೆಂತಹದು, ಅದನ್ನು ಕಟ್ಟಿಕೊಡುವವರು ಯಾರು ಎಂಬುದನ್ನು ಮಲೆಯ ಮಹದೇಶ್ವರನ ಬೆಟ್ಟದ ದಾರಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ನಾನಿರುವುದು ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ. ಮಾಘದ ಹುಣ್ಣಿಮೆ ಕಳೆಯಿತೆಂದರೆ ದೇವರಾಜ ಮಾರುಕಟ್ಟೆಯ ಕಡೆ ಒಂದು ಬಗೆಯ ಗಿರಾಕಿಗಳು ಕಾಣಿಸಿಕೊಳ್ಳುತ್ತಾರೆ. ವಿಭೂತಿಯ ಗಟ್ಟಿ, ಕರ್ಪೂರ, ಬೆಲ್ಲ, ಹುರಿಗಡಲೆ, ಒಂದು ತುಂಡು ಹಳದಿ ಬಟ್ಟೆ, ಇಷ್ಟನ್ನು ಕೊಂಡು, 1886ರಿಂದ ಅಲ್ಲಿ ನಿಂತಿರುವ ಚಿಕ್ಕ ಗಡಿಯಾರದ ಬಳಿ ಗುಂಪುಗೂಡಿ ಹೊರಡುವ ದಿನವನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಶಿವರಾತ್ರಿಯ ವೇಳೆಗೆ ಬೆಟ್ಟ ಸೇರಬೇಕು. ತಿರುಮಕೂಡಲು ನರಸೀಪುರ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳುಬೆಟ್ಟದ ಮಾರ್ಗವಾಗಿ ಸುಮಾರು 150 ಕಿಲೋಮೀಟರು. ದಿನಕ್ಕೆ 25 ಕಿಲೋಮೀಟರು ನಡೆದರೆ ಆರು ದಿನದ ದಾರಿ.

ನಮ್ಮ ಹಿರಿಯರು ಈ ಕಾಲವನ್ನೇ ಹಿಡಿದುದು ಕುರುಡು ನಂಬಿಕೆಯಿಂದಲ್ಲ. ಮಾಘಕ್ಕೆ ರಾಗಿಯ ಕಣ ಮುಗಿದಿರುತ್ತದೆ. ಮನೆಯಲ್ಲಿ ಕಾಳುಂಟು, ಹೊಲದಲ್ಲಿ ಕೆಲಸವಿಲ್ಲ. ಹೊಳೆ ಇಳಿದಿರುತ್ತದೆ, ಕನಕಪುರದ ಕಡೆಯಿಂದ ಬರುವ ಪರಸೆಯವರು ಸಂಗಮದ ಬಳಿ ಕಾವೇರಿಯನ್ನು ಕಾಲುನಡಿಗೆಯಲ್ಲಿಯೇ ದಾಟುವುದುಂಟು. ಚಳಿ ಹಿಮ್ಮೆಟ್ಟಿರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಶಿವರಾತ್ರಿ ಬಹುಳ ಚತುರ್ದಶಿಯಾದುದರಿಂದ ನಡಿಗೆಯೆಲ್ಲ ಕೃಷ್ಣಪಕ್ಷದಲ್ಲಿಯೇ ಆಗುತ್ತದೆ. ಆ ಪಕ್ಷದ ಚಂದ್ರನು ತಡವಾಗಿ ಮೂಡಿ ಬೆಳಗಿನ ಜಾವದಲ್ಲಿ ಬೆಳಕು ಕೊಡುತ್ತಾನೆ. ಮೂರನೆಯ ಕೋಳಿ ಕೂಗುವ ಮೊದಲೇ ಎದ್ದು ತಂಪಿನಲ್ಲಿ ನಡೆದು, ಬಿಸಿಲೇರಿದ ಮೇಲೆ ಮರದ ನೆರಳಿನಲ್ಲಿ ಮಲಗುವವನಿಗೆ ಇದಕ್ಕಿಂತ ಒಳ್ಳೆಯ ದೀಪ ಬೇಕೆ?

ಇನ್ನು ಬುತ್ತಿಯ ಮಾತು. ಹಳಬರ ಗಂಟಿನಲ್ಲಿ ಮುಖ್ಯವಾದುದು ರಾಗಿಯ ಹುರಿಹಿಟ್ಟು. ನೆನೆಸಿದ ರಾಗಿಯನ್ನು ಹುರಿದು ಅರಳಿಸಿ ಬೀಸಿದ ಈ ಹಿಟ್ಟಿಗೆ ಒಲೆ ಬೇಡ, ಪಾತ್ರೆ ಬೇಡ, ವಾರಗಟ್ಟಲೆ ಕೆಡುವುದಿಲ್ಲ. ಅಂಗೈಯಷ್ಟು ಹಿಟ್ಟಿಗೆ ನೀರು ಬೆಲ್ಲ ಕಲಸಿದರೆ ಊಟವಾಯಿತು. ಆದರೆ ಈ ಹಿಟ್ಟಿನ ರಾಗಿ ಎಲ್ಲಿಂದ ಬರಬೇಕೆಂಬುದರಲ್ಲಿ ಒಂದು ಕಟ್ಟಳೆಯಿದೆ. ಮಹದೇಶ್ವರನ ಒಕ್ಕಲಿನವರು ಹೊರಡುವ ಮುನ್ನ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಭಿಕ್ಷೆ ಎತ್ತುತ್ತಾರೆ. ಇದಕ್ಕೆ ‘ಕೋರಣ್ಯ’ವೆಂದು ಹೆಸರು. ಕಣಜ ತುಂಬಿದವನೂ ನಾಲ್ಕು ಮನೆಯ ಮುಂದೆ ನಿಂತು ಬೇಡಬೇಕು. ಮೇಲುನೋಟಕ್ಕೆ ಇದು ಅಹಂಕಾರವನ್ನು ಇಳಿಸುವ ಉಪಾಯ. ಒಳಹೊಕ್ಕು ನೋಡಿದರೆ ಮತ್ತೊಂದು ಅರ್ಥ ತೋರುತ್ತದೆ. ಒಂದು ಹಿಡಿ ರಾಗಿ ಹಾಕಿದ ಮುದುಕಿ ತಾನು ನಡೆಯಲಾರಳು. ಅವಳ ರಾಗಿ ನಡೆಯುತ್ತದೆ. ಹಳದಿ ಬಟ್ಟೆಯಲ್ಲಿ ಕಟ್ಟಿದ ಮುಡಿಪಿನ ಕಾಸೂ ಹಾಗೆಯೇ. ಪರಸೆಯವನ ಗಂಟು ಅವನೊಬ್ಬನದಲ್ಲ.

ದಾರಿಯಾದರೂ ಅವನೊಬ್ಬನದಲ್ಲ. ಮೊದಲು ನಡೆದವನು ದೇವರೇ ಎಂದು ಜನಪದರ ಕಥೆ. ಉತ್ತರದೇಶದಿಂದ ಬಂದ ಮಹದೇಶ್ವರನು ಕಪಿಲೆಯ ದಡದ ಸುತ್ತೂರು ಮಠದಲ್ಲಿ ರಾಗಿ ಬೀಸುವ ಊಳಿಗ ಮಾಡಿ, ಕುಂತೂರು ಮಠಕ್ಕೆ ಹೋಗಿ, ಅಲ್ಲಿಂದ ಎಪ್ಪತ್ತೇಳು ಮಲೆಯನ್ನು ಸೇರಿದನೆಂದು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಆ ಹಾಡುಗಬ್ಬದಲ್ಲಿ ಪ್ರಯಾಣದ ಸಿದ್ಧತೆಯನ್ನು ಕುರಿತ ಎರಡು ಪ್ರಸಂಗಗಳಿವೆಯೆಂದು ನನ್ನ ತಿಳಿವಳಿಕೆ. ಒಂದು, ಸಂಕಮ್ಮನ ಸಾಲು. ಕಾಡಿಗೆ ಹೊರಟ ಸೋಲಿಗರ ನೀಲೇಗೌಡನು ಹೆಂಡತಿಯನ್ನು ನಂಬದೆ, ಭಾಷೆ ಕೊಡೆಂದು ಪೀಡಿಸಿ, ಅವಳು ಒಪ್ಪದಿರಲು ಗುಡಿಸಿಲಿನಲ್ಲಿ ಸೆರೆಯಿಟ್ಟು ಹೋಗುತ್ತಾನೆ. ಅವಳನ್ನು ಬಿಡಿಸಲು ಮಾದಪ್ಪನೇ ಬರಬೇಕಾಗುತ್ತದೆ. ಇನ್ನೊಂದು, ಬೇವಿನಹಟ್ಟಿ ಕಾಳಮ್ಮನ ಸಾಲು. ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆಯಿಲ್ಲವೆಂದ ಆ ಸಿರಿವಂತೆ ಎಲ್ಲವನ್ನೂ ಕಳೆದುಕೊಂಡು ಕೊನೆಗೆ ಶರಣಾಗುತ್ತಾಳೆ. ಹೊರಡುವವನು ಮನೆಯನ್ನು ನಂಬಿಕೆಯ ಮೇಲೆ ಬಿಟ್ಟು ಹೊರಡಬೇಕು. ದಾರಿಯಲ್ಲಿರುವವನು ಬಂದವನಿಗೆ ಕೊಡಬೇಕು. ಇವೆರಡೂ ಕೂಡಿದರೆ ಮಾತ್ರ ಯಾತ್ರೆ.

ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಹನೂರು ಕೌದಳ್ಳಿಗಳ ಮೇಲೆ ಹಾದು ಕಾವೇರಿಪುರದ ಘಾಟಿಯನ್ನಿಳಿದನು. ಕುಂಪಣಿ ಸರ್ಕಾರದ ಅಪ್ಪಣೆ ಪಡೆದು ಬಂದ ಅಧಿಕಾರಿಗೇ ಅಂದು ಆ ದಾರಿ ಸುಗಮವಾಗಿರಲಿಲ್ಲ. ಬಡ ಒಕ್ಕಲಿಗನ ಪಾಡನ್ನು ಊಹಿಸಿಕೊಳ್ಳಬಹುದು. ಮಳವಳ್ಳಿಯ ಕಡೆಯಿಂದ ಬರುವವರಿಗೆ ಶಿವನಸಮುದ್ರದ ಬಳಿ ಕಾವೇರಿಯ ಎರಡು ಕವಲುಗಳು ಅಡ್ಡವಾಗಿದ್ದವು. 1830ರ ಸುಮಾರಿಗೆ, ಮೈಸೂರಿನ ರೆಸಿಡೆಂಟರ ಬಳಿ ಸೇವೆಯಲ್ಲಿದ್ದ ತಿರುಮಕೂಡಲು ರಾಮಸ್ವಾಮಿ ಮೊದಲಿಯಾರರು ತಮ್ಮ ಹಣವನ್ನು ಸುರಿದು ಅಲ್ಲಿ ಕಲ್ಲುಕಂಬಗಳ ಸೇತುವೆಗಳನ್ನು ಕಟ್ಟಿಸಿದರು. ಸರ್ಕಾರವು ಅವರಿಗೆ ಜಹಗೀರಿಯನ್ನೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟಿತು. ಬೆಟ್ಟವಿರುವ ಕೊಳ್ಳೇಗಾಲ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದುದು 1956ರ ನವೆಂಬರ್ 1ರಂದು. ಅದುವರೆಗೆ ಮೈಸೂರಿನ ಭಕ್ತನು ಮಾದಪ್ಪನನ್ನು ನೋಡಲು ಬೇರೊಂದು ಸೀಮೆಗೆ ಹೋಗಬೇಕಾಗಿತ್ತು. ಗಡಿ ಯಾರದಾದರೂ ಕೋರಣ್ಯವೂ ಅರವಟ್ಟಿಗೆಯೂ ನಿಲ್ಲಲಿಲ್ಲ. ನೀರಿನ ಚಪ್ಪರಕ್ಕೆ ‘ಅರವಂಟಿಗೆ’ ಎಂಬ ಹೆಸರು ನಮ್ಮ ಶಾಸನಗಳಲ್ಲಿಯೇ ಬರುತ್ತದೆ. ಕೆರೆ, ಬಾವಿ, ಛತ್ರಗಳಂತೆ ಅದನ್ನು ನಡೆಸುವುದೂ ಧರ್ಮವೆಂದು ನಮ್ಮ ಪೂರ್ವಿಕರು ಬಗೆದಿದ್ದರು.

ನಾನು ಈ ದಾರಿಯನ್ನು ನಡೆದುದು ಒಮ್ಮೆ ಮಾತ್ರ, 1994ರಲ್ಲಿ. ಆ ಕಾಡಿನ ಹೆಸರೆತ್ತಿದರೆ ಜನ ಅಂಜುತ್ತಿದ್ದ ಕಾಲವದು. 1992ರಲ್ಲಿ ವೀರಪ್ಪನ್‌ನ ತಂಡವು ನಮ್ಮ ಮಾರ್ಗದಲ್ಲಿಯೇ ಇರುವ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿತ್ತು. ಆಗತಾನೆ ವ್ಯಾಸಂಗ ಮುಗಿಸಿದ್ದ ನಾನು ಹೋಗಿಬರುತ್ತೇನೆಂದಾಗ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಬೇಡವೆನ್ನಲಿಲ್ಲ, ಆಣೆಭಾಷೆಗಳನ್ನೂ ಕೇಳಲಿಲ್ಲ. ಬೀಸುಕಲ್ಲನ್ನು ತೊಳೆದಿಟ್ಟು ರಾಗಿ ನೆನೆಹಾಕಿದಳು. ನಾನು ಹುರಿಹಿಟ್ಟಿನೊಡನೆ ಎರಡು ಜೊತೆ ಬಟ್ಟೆ, ಕಂಬಳಿ, ತಟ್ಟೆ, ಲಾಟೀನು, ಮೂರು ಪುಸ್ತಕಗಳನ್ನೂ ತುಂಬಿಕೊಂಡೆ. ನರಸೀಪುರ ತಲಪುವ ಹೊತ್ತಿಗೆ ಹೆಗಲು ಬಾತಿತ್ತು. ಗುಂಪಿನ ಹಿರಿಯರು ಗಂಟನ್ನು ಬಿಚ್ಚಿಸಿ, ಹಿಟ್ಟು ಕಂಬಳಿಗಳನ್ನು ಉಳಿಸಿ, ಮಿಕ್ಕುದನ್ನು ಪರಿಚಿತರ ಮನೆಯಲ್ಲಿ ಇರಿಸಿದರು. “ನಿನ್ನದನ್ನೆಲ್ಲ ನೀನೇ ಹೊತ್ತರೆ ದಾರಿಯವರು ಕೊಡುವುದೇನು?” ಎಂದರು.

ಅವರ ಮಾತಿನ ಅರ್ಥ ತಿಳಿದುದು ಕೌದಳ್ಳಿಯ ಆಚೆ. ರಸ್ತೆಯ ಪಕ್ಕದಲ್ಲಿ ಒಬ್ಬ ವೃದ್ಧೆ ಹುಣಿಸೆಯ ಮರದಡಿ ಮಡಕೆ ಇಟ್ಟುಕೊಂಡು ಬಂದವರಿಗೆಲ್ಲ ನೀರುಮಜ್ಜಿಗೆ ಹೊಯ್ಯುತ್ತಿದ್ದಳು. ಮನೆಯಲ್ಲಿ ಇದ್ದುದು ಒಂದೇ ಹಸುವಂತೆ. ನಾನು ಎಂಟಾಣೆ ಕೊಡಹೋದೆ. ಆಕೆ ಕೈ ಹಿಂದಕ್ಕೆಳೆದುಕೊಂಡು, “ಕಾಸು ಬ್ಯಾಡ ಮಗ, ಗುಡಿ ಸುತ್ತುವಾಗ ನನ್ನದೊಂದು ಸುತ್ತು ಬಾ” ಎಂದಳು. ಬೆಟ್ಟದಲ್ಲಿ ತಾಯಿಯದೊಂದು, ನನ್ನದೊಂದು, ಆ ಅಜ್ಜಿಯದೊಂದು ಸುತ್ತು ಬಂದೆ. ಹೆಸರು ಕೇಳಿರಲಿಲ್ಲ, ಮಜ್ಜಿಗೆಯ ಅಜ್ಜಿಯದೆಂದು ಹೇಳಿಕೊಂಡೆ. ಊರಿಗೆ ಹಿಂದಿರುಗಿದಾಗ ತಾಯಿ ಗಂಟನ್ನು ಬಿಚ್ಚಿ, ಅರ್ಧಕ್ಕೂ ಹೆಚ್ಚು ಹಿಟ್ಟು ಉಳಿದಿರುವುದನ್ನು ಕಂಡು, “ದಾರಿಯಲ್ಲಿ ಯಾರೋ ನೋಡಿಕೊಂಡಿದ್ದಾರೆ” ಎಂದಷ್ಟೇ ಹೇಳಿ ಕಣ್ಣೊರಸಿಕೊಂಡಳು.

ಈಗ ಬೆಟ್ಟಕ್ಕೆ ಬಸ್ಸುಗಳು ಬೇಕಾದಷ್ಟಿವೆ. ಸುತ್ತಲಿನ ಕಾಡು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅಲ್ಲಿ ನಡೆಯುವವರು ಅರಣ್ಯ ಇಲಾಖೆಯವರ ಮಾತನ್ನು ಕೇಳಿ ನಡೆಯಬೇಕಾದುದು ನ್ಯಾಯವೇ. ಆದರೂ ನಡೆಯುವವರು ಕಡಮೆಯಾಗಿಲ್ಲ. ಮಾರ್ಪಾಡಾಗಿರುವುದು ಗಂಟು. ನೀರಿನ ಬಾಟಲಿಯನ್ನು ಅಂಗಡಿಯಲ್ಲಿ ಕೊಂಡು ಕುಡಿದು ಕಾಡಿನಲ್ಲಿ ಎಸೆಯುವವನಿಗೆ ಯಾರ ಋಣವೂ ಇಲ್ಲ. ಯಾರ ಸುತ್ತನ್ನೂ ಅವನು ಬರಬೇಕಾಗಿಲ್ಲ. ದಾರಿಯುದ್ದಕ್ಕೂ ಅನ್ನ, ಪಾನಕ ಹಂಚುವ ಪುಣ್ಯವಂತರು ಇಂದಿಗೂ ಇದ್ದಾರೆ, ನಿಜ. ಅವರ ಕೈಯಿಂದ ತೆಗೆದುಕೊಳ್ಳುವುದನ್ನು ಮಾತ್ರ ನಾವು ಮರೆಯಬಾರದು. ಕೊಡುವುದನ್ನು ಕಲಿಸುವ ಪಾಠಗಳು ನಮ್ಮ ಪುಸ್ತಕಗಳಲ್ಲಿ ಬೇಕಾದಷ್ಟಿವೆ. ತೆಗೆದುಕೊಳ್ಳುವುದನ್ನು ಕಲಿಸುವುದು ಕೋರಣ್ಯದಂತಹ ಕಟ್ಟಳೆಗಳೇ.

ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬ ತಂದೆಯ ಜೊತೆ ಬೆಟ್ಟಕ್ಕೆ ಹೊರಟವನು ಜೋಳಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದ. ಒಳಗಿರುವುದು ತನ್ನ ಮೇಷ್ಟರೆಂದು ಕಂಡ ಕೂಡಲೆ ನಾಚಿ ಹಿಂದಕ್ಕೆ ಸರಿದ. ಅವನನ್ನು ಕರೆದು ಒಂದು ಪಾವು ರಾಗಿ ಹಾಕಿದೆ. ನನ್ನ ಮಂಡಿ ಈಗ ಅಷ್ಟು ದೂರವನ್ನು ಒಪ್ಪುವುದಿಲ್ಲ. “ನನ್ನದೊಂದು ಸುತ್ತು ಬಾ” ಎಂದೆ. ನೆನಪಾಗಿ, “ಮಜ್ಜಿಗೆಯ ಅಜ್ಜಿಯದೂ ಒಂದು” ಎಂದು ಸೇರಿಸಿದೆ. ಅದಾರೆಂದು ಅವನು ಕೇಳಲಿಲ್ಲ, ಆಗಲೆಂದು ತಲೆಯಾಡಿಸಿ ಮುಂದಿನ ಮನೆಗೆ ಹೋದ. ಈ ಮಾಘದಲ್ಲಿಯೂ ಸಂಬಳ ಬಂದ ದಿನವೇ ಮಾರುಕಟ್ಟೆಗೆ ಹೋಗಿ ರಾಗಿ ತಂದು ತೆಗೆದಿಡಬೇಕೆಂದಿದ್ದೇನೆ.